ಸ್ಪಾರ್ಕ್‌ನಲ್ಲಿ ಒಂದು ಟಾಸ್ಕ್ ಎಷ್ಟು ಮೆಮೊರಿ ತಿನ್ನುತ್ತದೆ: ನಾನು ಅಳೆಯುವ ರೀತಿ

ಸ್ಪಾರ್ಕ್ ಎಂದರೆ ದೊಡ್ಡ ದತ್ತಾಂಶವನ್ನು ಹಲವು ಯಂತ್ರಗಳಿಗೆ ಹಂಚಿ ಸಂಸ್ಕರಿಸುವ ವ್ಯವಸ್ಥೆ. ಅದರಲ್ಲಿ ಒಂದು ತುಂಡು ದತ್ತಾಂಶದ ಕೆಲಸವೇ ಟಾಸ್ಕ್, ಟಾಸ್ಕ್‌ಗಳನ್ನು ಓಡಿಸುವ ಪ್ರೊಸೆಸ್ ಎಕ್ಸಿಕ್ಯೂಟರ್. ರಾಯಚೂರಿನಿಂದ ನಾವು ಓಡಿಸುವ ಪೈಸ್ಪಾರ್ಕ್ (ಪೈಥಾನ್‌ನಲ್ಲಿ ಬರೆದ ಸ್ಪಾರ್ಕ್) ಜಾಬ್‌ಗಳು ಭತ್ತ, ಹತ್ತಿಯ ವಹಿವಾಟನ್ನು ಮಾರುಕಟ್ಟೆವಾರು ಗುಂಪು ಮಾಡುತ್ತವೆ. ಬರೀ ಮೊತ್ತವಾದರೆ, ಒಂದೇ ಗುಂಪಿನ ಸಾಲುಗಳನ್ನು ಒಂದೆಡೆ ಸಾಗಿಸುವ ಶಫಲ್‌ಗೆ ಮುಂಚೆಯೇ ಭಾಗಶಃ ಕೂಡಿ ಬರುತ್ತದೆ, ಚಿಂತೆಯಿಲ್ಲ. ಆದರೆ ಪ್ರತಿ ಗುಂಪಿಗೂ ನಮ್ಮದೇ ಪೈಥಾನ್ ಫಂಕ್ಷನ್ ಓಡಿಸುವ ಅಪ್ಲೈ‌ಇನ್‌ಪಾಂಡಾಸ್ ಬಳಸಿದರೆ ಇಡೀ ಗುಂಪು ಒಟ್ಟಿಗೆ ಮೆಮೊರಿಗೆ ಬರಬೇಕು. ಗಂಗಾವತಿ, ಸಿಂಧನೂರಿನ ಭತ್ತ ಪೂರ್ತಿ ಒಂದೊಂದು ಟಾಸ್ಕಿನ ತಲೆ ಮೇಲೆ! ಸರಾಸರಿ ನೋಡಿ ಮೆಮೊರಿ ನಿಗದಿ ಮಾಡುವುದನ್ನು ನಾನು ಒಪ್ಪದಿರುವುದು ಅದಕ್ಕೇ.

ಮೊದಲು ಲೆಕ್ಕ. ಎಕ್ಸಿಕ್ಯೂಟರ್‌ಗೆ ಹೀಪ್ (ಸ್ಪಾರ್ಕ್ ಓಡುವ ಜೆವಿಎಂ, ಅಂದರೆ ಜಾವಾ ಯಂತ್ರದ ಮುಖ್ಯ ಮೆಮೊರಿ) 4 ಜಿಬಿ ಕೊಟ್ಟರೆ ಅದರಲ್ಲಿ 300 ಎಂಬಿ ಸ್ಪಾರ್ಕ್ ತನಗೆ ತೆಗೆದಿಟ್ಟುಕೊಳ್ಳುತ್ತದೆ. ಉಳಿದದ್ದರ ಶೇ 60, ಅಂದರೆ ಸುಮಾರು 2278 ಎಂಬಿ, ಎಕ್ಸಿಕ್ಯೂಷನ್ (ಲೆಕ್ಕಾಚಾರ) ಮತ್ತು ಕ್ಯಾಶ್ ಇಡುವ ಸ್ಟೋರೇಜ್‌ಗೆ. ಕ್ಯಾಶ್ ಇಲ್ಲದೆ 4 ಟಾಸ್ಕ್ ಓಡಿದರೆ ಒಂದಕ್ಕೆ ಹೆಚ್ಚೆಂದರೆ 570 ಎಂಬಿ. ಮೀರಿದರೆ ಡಿಸ್ಕಿಗೆ ಸ್ಪಿಲ್, ಅಂದರೆ ಹಿಡಿಸದ್ದನ್ನು ಡಿಸ್ಕಿಗೆ ಬರೆಯುತ್ತದೆ.

ಸ್ಪಾರ್ಕ್ ವೆಬ್ ಯುಐನ ಸ್ಟೇಜ್ (ಜಾಬ್‌ನ ಒಂದು ಹಂತ) ಪುಟದ ಪೀಕ್ ಎಕ್ಸಿಕ್ಯೂಷನ್ ಮೆಮೊರಿಯಲ್ಲಿ ಮೀಡಿಯನ್ ಬಿಟ್ಟು ಮ್ಯಾಕ್ಸ್ ನೋಡಿ. ಅದರಲ್ಲೂ ಶಫಲ್, ಸಾರ್ಟ್, ಜಾಯಿನ್‌ಗೆ ಸ್ಪಾರ್ಕ್ ತಾನೇ ಪಡೆದದ್ದಷ್ಟೇ ಇರುತ್ತದೆ. ಪೈಥಾನ್ ತಿಂದದ್ದು ಅಲ್ಲಿ ಕಾಣುವುದೇ ಇಲ್ಲ. ಅದು ಹೀಪ್‌ನ ಹೊರಗಿನ ಓವರ್‌ಹೆಡ್‌ನಿಂದ ಹೋಗುತ್ತದೆ. ಕ್ಲಸ್ಟರಿನ ಮೆಮೊರಿ ಹಂಚುವ ಯಾರ್ನ್‌ನಲ್ಲಿ ಅದು ಹೀಪ್‌ನ ಶೇ 10 ಅಥವಾ 384 ಎಂಬಿ, ಯಾವುದು ಹೆಚ್ಚೋ ಅದು. ನಮ್ಮ 4 ಜಿಬಿಗೆ ಸಿಗುವುದು ಬರೀ 410 ಎಂಬಿ. ಹೀಪ್ ಖಾಲಿಯಿದ್ದರೂ ಯಾರ್ನ್ ಕಂಟೇನರನ್ನು (ಎಕ್ಸಿಕ್ಯೂಟರ್‌ಗೆ ಕೊಟ್ಟ ಮೆಮೊರಿಯ ಪಾಲು) ಕೊಲ್ಲುವುದು ಇಲ್ಲಿಯೇ.

ಆದ್ದರಿಂದ ಅಳತೆಗೆಂದೇ ಒಂದು ಓಟ ಬೇರೆ ಮಾಡುತ್ತೇನೆ. ಎಕ್ಸಿಕ್ಯೂಟರ್ ಕೋರ್ 1ಕ್ಕೆ ಇಳಿಸಿ ಒಮ್ಮೆಗೆ ಒಂದೇ ಟಾಸ್ಕ್ ಓಡಿಸುತ್ತೇನೆ, ಏಕೆಂದರೆ ಹೀಪ್ ಮತ್ತು ಆರ್‌ಎಸ್‌ಎಸ್ (ಪ್ರೊಸೆಸ್ ನಿಜವಾಗಿ ಹಿಡಿದಿರುವ ಮೆಮೊರಿ) ಅಂಕಿಗಳು ಇಡೀ ಎಕ್ಸಿಕ್ಯೂಟರ್‌ನವು, ಯಾವ ಟಾಸ್ಕ್ ಎಷ್ಟು ತಿಂದಿತೆಂದು ಬಿಡಿಸಿ ಹೇಳವು. ಸ್ಪಾರ್ಕ್.ಎಕ್ಸಿಕ್ಯೂಟರ್.ಪ್ರೊಸೆಸ್‌ಟ್ರೀಮೆಟ್ರಿಕ್ಸ್.ಎನೇಬಲ್ಡ್ ಟ್ರೂ ಮಾಡಿದರೆ ಲಿನಕ್ಸ್ ಪ್ರೊಸೆಸ್‌ಗಳ ಮಾಹಿತಿ ಇಡುವ ಪ್ರಾಕ್‌ನಿಂದ ಪೈಥಾನ್ ಆರ್‌ಎಸ್‌ಎಸ್ ಬರುತ್ತದೆ. ಪೋಲಿಂಗ್ ಇಂಟರ್ವಲ್ (ಅಂಕಿ ಓದುವ ಅಂತರ) ಮೂಲದಲ್ಲಿ 0: ಎಕ್ಸಿಕ್ಯೂಟರ್ ಬದುಕಿದೆ ಎಂದು ತಿಳಿಸುವ 10 ಸೆಕೆಂಡಿನ ಹಾರ್ಟ್‌ಬೀಟ್‌ಗೊಮ್ಮೆ ಮಾತ್ರ ಓದು, ನಡುವಿನ ಏರಿಕೆ ತಪ್ಪಿಹೋಗುತ್ತದೆ. 500 ಮಿಲಿಸೆಕೆಂಡ್ ಇಡುತ್ತೇನೆ. ಪೈಥಾನ್ ವರ್ಕರ್ (ಪೈಥಾನ್ ಕೋಡ್ ಓಡಿಸುವ ಪ್ರೊಸೆಸ್) ರೀಯೂಸ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಹಿಂದಿನ ಟಾಸ್ಕಿನ ಮೆಮೊರಿ ಅದೇ ವರ್ಕರ್‌ನಲ್ಲಿ ಉಳಿದು ಈ ಟಾಸ್ಕಿನ ಖಾತೆಗೆ ಬೀಳುತ್ತದೆ. ಜಾಬ್ ಮುಗಿದ ಮೇಲೆ ರೆಸ್ಟ್ ಎಪಿಐನ ಎಕ್ಸಿಕ್ಯೂಟರ್ಸ್ ಪಟ್ಟಿಯಲ್ಲಿ ಪೀಕ್ ಮೆಮೊರಿ ಮೆಟ್ರಿಕ್ಸ್ ಓದಿ.

ಎರಡು ಎಚ್ಚರ. ಜೆವಿಎಂ ಹೀಪ್ ಅಂಕಿಯಲ್ಲಿ ಇನ್ನೂ ಗುಡಿಸದ ಕಸವೂ ಸೇರಿರುತ್ತದೆ. ನಿಜವಾದ ಅಗತ್ಯ ತಿಳಿಯಲು ಹೀಪ್ ಹಂತ ಹಂತವಾಗಿ ಇಳಿಸಿ, ಜಿಸಿ (ಆ ಕಸ ಗುಡಿಸುವ) ಸಮಯ ಟಾಸ್ಕ್ ಸಮಯದ ಶೇ 10 ದಾಟುವ ಮುನ್ನ ನಿಲ್ಲಿಸಿ. ಪೈಥಾನ್ ಆರ್‌ಎಸ್‌ಎಸ್ ಮೊತ್ತದಲ್ಲಿ ಡೀಮನ್ (ವರ್ಕರ್‌ಗಳನ್ನು ಹುಟ್ಟಿಸುವ ಪ್ರೊಸೆಸ್) ಮತ್ತು ವರ್ಕರ್ ಹಂಚಿಕೊಂಡ ಮೆಮೊರಿ ಪುಟಗಳು ಎರಡು ಸಲ ಎಣಿಕೆಯಾಗುತ್ತವೆ, ಹಾಗಾಗಿ ಅದು ತುಸು ಹೆಚ್ಚೇ ತೋರಿಸುತ್ತದೆ.

ಸಿಕ್ಕ ಪೈಥಾನ್ ಪೀಕನ್ನು ನಿಜವಾದ ಕೋರ್ ಸಂಖ್ಯೆಯಿಂದ ಗುಣಿಸಿ ಓವರ್‌ಹೆಡ್‌ಗೆ ಸೇರಿಸುತ್ತೇನೆ. ಅಷ್ಟು ಮೆಮೊರಿ ನೋಡ್‌ನಲ್ಲಿ ಇಲ್ಲವೆಂದರೆ ಕೋರ್ ಕಡಿಮೆ ಮಾಡಿ, ಇಲ್ಲವೇ ಮಾರುಕಟ್ಟೆಯ ಜೊತೆ ತಿಂಗಳನ್ನೂ ಗುಂಪು ಮಾಡುವ ಕೀಗೆ ಸೇರಿಸಿ ಗುಂಪು ಒಡೆಯಿರಿ.