ಆಟಿಯ ಮಳೆಯಲ್ಲಿ ಅಡುಗೆಮನೆಯ ಬೇಸಿಲ್

ಮೂರು ಮಳೆಗಾಲಗಳಲ್ಲಿ ನಾನು ಕೊಂದ ಬೇಸಿಲ್ (ತುಳಸಿಯ ಜಾತಿಗೇ ಸೇರಿದ, ಅಡುಗೆಗೆ ಬಳಸುವ ಪರಿಮಳದ ಸೊಪ್ಪು) ಗಿಡಗಳ ಲೆಕ್ಕ ಇಟ್ಟಿಲ್ಲ. ನೀರಿಲ್ಲದೆ ಸತ್ತದ್ದು ಒಂದೂ ಇಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಎಲ್ಲವೂ ಕುಡಿದು ಕುಡಿದೇ ಹೋದವು.

ಮಂಗಳೂರಿನ ಕದ್ರಿಯಲ್ಲಿ ನಮ್ಮದು ಮೂರನೆಯ ಮಹಡಿಯ ಫ್ಲ್ಯಾಟ್. ಪಶ್ಚಿಮಕ್ಕೆ ತೆರೆದ ಬಾಲ್ಕನಿಯಲ್ಲಿ ಜೂನ್ ಬಂತೆಂದರೆ ಬಟ್ಟೆಯೂ ಒಣಗುವುದಿಲ್ಲ, ಗಿಡವೂ ನಿಲ್ಲುವುದಿಲ್ಲ. ಒಳಗೇ ಬೆಳೆಸಬೇಕು ಎಂಬ ಹಟ ಹುಟ್ಟಿದ್ದು ಹಾಗೆ. ಬೀಜಕ್ಕಾಗಿ ದೂರ ಹೋಗಲಿಲ್ಲ. ಫಾಲೂದಕ್ಕೆ ಹಾಕುವ ಕಾಮಕಸ್ತೂರಿ ಬೀಜವೂ ಬೇಸಿಲ್ ಬೀಜವೇ ಎಂದು ತಿಳಿದದ್ದೇ ತಡ, ದಿನಸಿ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಬಿತ್ತಿದೆ. ಮೊಳೆತೂ ಮೊಳೆಯಿತು. ಆದರೆ ಅದರ ಎಲೆಗೆ ಸೋಂಪು, ಲವಂಗಗಳ ಖಾರದ ಪರಿಮಳ. ಪಾಸ್ತಾಕ್ಕಿಂತ ಮಜ್ಜಿಗೆಗೇ ಒಪ್ಪುವಂಥದ್ದು. ಮೆತ್ತನೆಯ ಅಗಲ ಎಲೆ ಬೇಕಿದ್ದರೆ ‘ಸ್ವೀಟ್ ಬೇಸಿಲ್’ ಎಂದು ಬರೆದಿರುವ ಪೊಟ್ಟಣವನ್ನೇ ಕೊಳ್ಳಬೇಕು.

ಬಿತ್ತುವುದರಲ್ಲಿ ಕಷ್ಟವೇನಿಲ್ಲ. ನೀರು ತಗುಲಿದ ಅರ್ಧ ಗಂಟೆಯೊಳಗೆ ಕರಿ ಬೀಜ ಬೂದು ಬಣ್ಣದ ಲೋಳೆಯಂಗಿ ತೊಟ್ಟು ಕೂರುತ್ತದೆ. ಅದನ್ನು ಆಳಕ್ಕೆ ಹೂಳದೆ ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ನಮ್ಮ ಸೆಕೆಗೆ ವಾರದೊಳಗೆ ಮೊಳಕೆ ಬರುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ಮೊದಲ ವರ್ಷದ ಸಸಿಗಳು ಸಂಜೆ ನೆಟ್ಟಗಿದ್ದವು. ಬೆಳಿಗ್ಗೆ ನೋಡಿದರೆ ಮಣ್ಣಿನ ಮಟ್ಟದಲ್ಲಿ ಕಾಂಡ ನೂಲಿನಂತೆ ಸೊರಗಿ, ಎಲ್ಲವೂ ಒಂದೇ ಕಡೆಗೆ ಮಲಗಿದ್ದವು. ಬಾಡಿತು ಎಂದುಕೊಂಡು ಇನ್ನಷ್ಟು ನೀರು ಹೊಯ್ದೆ! ಅದು ಬುಡ ಕೊಳೆಯುವ ಶಿಲೀಂಧ್ರದ ಕೆಲಸ. ಒದ್ದೆ ಮಣ್ಣು, ನಿಂತ ಗಾಳಿ ಸಿಕ್ಕರೆ ಅದಕ್ಕೆ ಹಬ್ಬ.

ಆಗ ಮಣ್ಣನ್ನೇ ಬದಲಿಸಿದೆ. ತೆಂಗಿನ ನಾರಿನ ಪುಡಿಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಗೋಡೆಯೇ ಬೆವರುವ ನಮ್ಮ ಊರಿನ ಮಳೆಗಾಲದಲ್ಲಿ ಅದೊಂದನ್ನೇ ತುಂಬಿದರೆ ಒದ್ದೆ ಸ್ಪಂಜಿನ ಮೇಲೆ ಗಿಡ ಕೂರಿಸಿದಂತೆ. ಈಗ ನಾರಿನ ಪುಡಿ ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ಉಮಿಕರಿ (ಸುಟ್ಟು ಕರಿಯಾದ ಭತ್ತದ ಹೊಟ್ಟು) ಒಂದು ಪಾಲು. ಹೌದು, ಹಿಂದಿನವರು ಹಲ್ಲುಜ್ಜುತ್ತಿದ್ದ ಅದೇ ಉಮಿಕರಿ, ಪುಡಿ ಮಾಡದೆ ಹಾಗೆಯೇ. ಆರು ಇಂಚಿನ ಮಣ್ಣಿನ ಕುಂಡಕ್ಕೆ ನಾಲ್ಕು ಸಸಿ ಸಾಕು, ಉಳಿದವನ್ನು ಕಿತ್ತುಬಿಡುತ್ತೇನೆ. ಕುಂಡವನ್ನು ಎತ್ತಿ ನೋಡಿ, ಹಗುರವೆನಿಸಿದರೆ ಮಾತ್ರ ನೀರು, ಅದೂ ಬೆಳಿಗ್ಗೆ, ಬುಡಕ್ಕೆ. ಆಟಿಯಲ್ಲಿ, ಎಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ಐದಾರು ದಿನ ಒಂದು ಹನಿಯೂ ಬೇಡವಾದದ್ದುಂಟು.

ಎರಡನೆಯ ವರ್ಷ ಬುಡ ಉಳಿಯಿತು, ಬೆಳಕು ಕೈಕೊಟ್ಟಿತು. ಕಿಟಕಿಯ ಕಡೆಗೆ ಕತ್ತು ಚಾಚಿದ ಗಿಡ, ಗೇಣಿಗೊಂದು ಎಲೆ. ಮೋಡ ಮುಸುಕಿದ ದಿನ ಕಿಟಕಿಯ ಬೆಳಕು ನಮ್ಮ ಕಣ್ಣಿಗೆ ಸಾಕು, ಬೇಸಿಲ್‌ಗೆ ಸಾಲದು. ದುಬಾರಿ ನೇರಳೆ ದೀಪವೇನೂ ತರಲಿಲ್ಲ. ಮಾಮೂಲಿ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬನ್ನು ಕಪಾಟಿನ ಕೆಳಗೆ, ಗಿಡದ ತುದಿಯಿಂದ ಒಂದು ಗೇಣು ಮೇಲೆ ಕಟ್ಟಿದೆ. ದಿನಕ್ಕೆ 14 ಗಂಟೆ ಉರಿಸಿದರೂ ತಿಂಗಳಿಗೆ ಒಂಬತ್ತು ಯೂನಿಟ್ ದಾಟುವುದಿಲ್ಲ. ಮೂಲೆಯಲ್ಲಿ ಪುಟ್ಟ ಫ್ಯಾನ್ ಒಂದನ್ನು ನಿಧಾನಕ್ಕೆ ತಿರುಗಲು ಬಿಟ್ಟಿದ್ದೇನೆ. ಫ್ಯಾನ್ ಇಲ್ಲದ ವರ್ಷ ಎಲೆಯ ಮೇಲ್ಭಾಗ ನರಗಳ ನಡುವೆ ಹಳದಿಯಾಗಿ, ಮಗುಚಿ ನೋಡಿದರೆ ಬೂದು ಧೂಳು ಮೆತ್ತಿರುತ್ತಿತ್ತು. ಬೂಜುರೋಗ. ಅದು ಬಂದ ಗಿಡವನ್ನು ಉಳಿಸಲು ಹೋಗಬೇಡಿ, ಕಿತ್ತು ಹೊರಗೆ ಹಾಕಿ.

ಇನ್ನು ಚಿವುಟುವ ವಿಷಯ. ಮೊದಮೊದಲು ನನಗೆ ಕೈ ಬರುತ್ತಿರಲಿಲ್ಲ. ಕೆಳಗಿನ ದೊಡ್ಡ ಎಲೆಗಳನ್ನು ಬಿಡಿಸಿಕೊಂಡು ತುದಿಯನ್ನು ಮುದ್ದು ಮಾಡುತ್ತಿದ್ದೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ನಾಲ್ಕು ಜೋಡಿ ಎಲೆ ಬಂದಾಗ ಗಿಣ್ಣನ್ನು ಹತ್ತಿರದಿಂದ ನೋಡಿ: ಎರಡು ಎಲೆಗಳ ಕಂಕುಳಲ್ಲಿ ಸಾಸಿವೆಯಷ್ಟು ಗಾತ್ರದ ಎರಡು ಚಿಗುರುಗಳು ಕಾಯುತ್ತಿರುತ್ತವೆ. ಅವುಗಳ ತುಸು ಮೇಲಕ್ಕೆ ಉಗುರಿನಿಂದ ಚಿವುಟಿದರೆ ವಾರದಲ್ಲಿ ಒಂದು ಟೊಂಗೆ ಎರಡಾಗುತ್ತದೆ. ಹೂಗೊನೆ ಕಂಡ ದಿನವೇ ತೆಗೆಯುತ್ತೇನೆ. ಬಿಟ್ಟರೆ ಹೊಸ ಎಲೆ ನಿಂತು, ಇದ್ದದ್ದೂ ಕಹಿಯಾಗುತ್ತದೆ.

ಅಮ್ಮನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. “ತುಳಸಿಯ ತಂಗಿಯನ್ನು ಕೊಯ್ದು ಚಟ್ನಿಯೇ?” ಎಂದರು. ದ್ವಾದಶಿಯಂದು ತುಳಸಿ ಕೀಳಬಾರದು, ತಂಗಿಗೆ ಆ ನಿಯಮವಿಲ್ಲ ಎಂದು ವಾದಿಸಿ, ತೆಂಗಿನಕಾಯಿ, ಹಸಿಮೆಣಸಿನ ಜೊತೆ ಒಂದು ಹಿಡಿ ಅರೆದು ನೀರ್‌ದೋಸೆಗೆ ಬಡಿಸಿದೆ. ಎರಡನೆಯ ಸಲ ಕೇಳಿ ಹಾಕಿಸಿಕೊಂಡರು, ಅಭಿಪ್ರಾಯ ಬದಲಿಸಲಿಲ್ಲ.

ಕೊಯ್ದ ಟೊಂಗೆಯನ್ನು ಫ್ರಿಜ್‌ನಲ್ಲಿ ಇಡಬೇಡಿ, ತಂಪಿಗೆ ಎಲೆ ಕಪ್ಪಾಗುತ್ತದೆ. ಲೋಟದ ನೀರಿನಲ್ಲಿ ಹೊರಗೇ ನಿಲ್ಲಿಸಿ. ಹಾಗೆ ಮರೆತುಬಿಟ್ಟ ಟೊಂಗೆಯೊಂದು ಎಂಟು ದಿನಕ್ಕೆ ಬಿಳಿ ಬೇರು ಬಿಟ್ಟಿತು. ಅಂದಿನಿಂದ ನಾನು ಬೀಜ ಕೊಂಡಿಲ್ಲ.

ಕಳೆದ ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಖುಷಿಗೆ ಕುಂಡಗಳನ್ನು ಒಮ್ಮೆಲೇ ಬಾಲ್ಕನಿಯ ಬಿಸಿಲಿಗೆ ಇಟ್ಟೆ. ಸಂಜೆಯ ಹೊತ್ತಿಗೆ ಎಲೆಗಳ ಮೇಲೆ ಸುಟ್ಟ ಬಿಳಿ ಕಲೆಗಳು. ಈ ಸಲ ಮೊದಲ ವಾರ ಬೆಳಗಿನ ನೆರಳು ಮಾತ್ರ.