ಗಾಡಿ ಮಾರಿದರೆ ಸಾಲದು, ಹೆಸರೂ ಹೋಗಬೇಕು

ಮೂರು ವರ್ಷದ ಹಿಂದೆ ನನ್ನ ಹಳೇ ಸ್ಕೂಟರ್ ಮಾರಿದೆ. ದಾವಣಗೆರೆ ವಿದ್ಯಾನಗರದಲ್ಲಿ ಮನೆ ಮುಂದೆ ನಿಂತೇ ವ್ಯಾಪಾರ ಮುಗೀತು. ಕೊಂಡವನು ಚಿತ್ರದುರ್ಗದ ಕಡೆ ಹುಡುಗ. ಎರಡು ಫಾರಂ ಮೇಲೆ ಸಹಿ ಹಾಕಿಸಿಕೊಂಡ, "ಅಣ್ಣಾ, ಸೋಮವಾರನೇ ನನ್ನ ಹೆಸರಿಗೆ ಮಾಡಿಸ್ಕೊತೀನಿ" ಅಂದ, ಹೋದ. ಹದಿನಾಲ್ಕು ತಿಂಗಳಾದರೂ ಆ ಸೋಮವಾರ ಬರಲಿಲ್ಲ. ಬಂದದ್ದು ನನ್ನ ಮೊಬೈಲಿಗೆ ದಂಡದ ಮೆಸೇಜು. ಹೆಲ್ಮೆಟ್ ಇಲ್ಲ, 500 ರೂಪಾಯಿ. ಆಮೇಲೆ ಇನ್ನೊಂದು. ಮೂರನೆಯದಕ್ಕೆ ಫೋಟೋನೂ ಇತ್ತು, ನನ್ನ ಸ್ಕೂಟರ್ ಮೇಲೆ ಮೂರು ಜನ ಕೂತಿದ್ದಾರೆ, ಒಬ್ಬರ ಮುಖವೂ ಗುರುತಿಲ್ಲ.

ದಂಡ ಬಿಡಿ, ಕಟ್ಟಬಹುದು. ಅದೇ ಗಾಡಿ ಯಾರಿಗಾದರೂ ಗುದ್ದಿದ್ದರೆ? 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆ ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟ ಆಗಿತ್ತು, ಆದರೆ ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಹೆಸರು ಮೊದಲಿನವರದೇ ಇತ್ತು. ಅಪಘಾತದ ಪರಿಹಾರದ ಹೊಣೆ ಅವರ ತಲೆಗೇ ಬಂತು. ಇನ್ಶೂರೆನ್ಸ್ ಬೇರೆ ಇರಲಿಲ್ಲ. ಅಂದರೆ ನೀವು ದುಡ್ಡು ಎಣಿಸಿಕೊಂಡ ದಿನ ಗಾಡಿ ಮಾರಿದ್ದಲ್ಲ, ಆರ್‌ಸಿಯಲ್ಲಿ ಹೆಸರು ಬದಲಾದ ದಿನ ಮಾರಿದ್ದು. ಇದೊಂದು ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

ಮೊದಲು ಕೊಳ್ಳುವವರ ಕಡೆಯಿಂದ ಹೇಳ್ತೀನಿ. ಗಾಡಿಯ ಬಣ್ಣ ನೋಡಿ ಮರುಳಾಗಬೇಡಿ, ಮೊಬೈಲಿನಲ್ಲಿ ಸರ್ಕಾರದ ಎಂಪರಿವಾಹನ್ ಆ್ಯಪ್ ತೆಗೆದು ನಂಬರ್ ಹಾಕಿ. ಎಷ್ಟನೇ ಇಸವಿ ಗಾಡಿ, ರಿಜಿಸ್ಟ್ರೇಷನ್ ಎಲ್ಲಿ ತನಕ ಇದೆ, ಇನ್ಶೂರೆನ್ಸ್ ಇದೆಯಾ, ಎಮಿಷನ್ ಇದೆಯಾ, ಲೋನ್ ಯಾರ ಹತ್ತಿರ ಇದೆ, ಎಲ್ಲ ಅಲ್ಲೇ ಕಾಣುತ್ತೆ. ದಂಡ ಬಾಕಿ ಇದೆಯಾ ಅಂತ ಇ-ಚಲನ್ ಪುಟದಲ್ಲಿ ಬೇರೆಯಾಗಿ ನೋಡಿ. ಬಾಕಿ ಇದ್ದರೆ ಮಾರುವವರಿಂದ ಅಲ್ಲೇ ಕಟ್ಟಿಸಿ, "ಆಮೇಲೆ ಕಟ್ತೀನಿ" ಅಂದರೆ ಅಷ್ಟು ದುಡ್ಡು ಹಿಡಿದುಕೊಳ್ಳಿ.

ಆಮೇಲೆ ಚಾಸಿ ನಂಬರ್, ಅಂದರೆ ಗಾಡಿಯ ಚೌಕಟ್ಟಿನ ಮೇಲೆ ಕೊರೆದ ಗುರುತಿನ ನಂಬರ್. ಇದನ್ನು ಸುಮ್ನೆ ಬಿಡುವವರೇ ಜಾಸ್ತಿ. ಬೈಕಿನಲ್ಲಿ ಸಾಮಾನ್ಯವಾಗಿ ಹ್ಯಾಂಡಲ್ ಕೆಳಗೆ, ಕುತ್ತಿಗೆಯ ಪಕ್ಕದ ಕಬ್ಬಿಣದ ಮೇಲೆ ಕೊರೆದಿರುತ್ತಾರೆ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಸೀಮೆಎಣ್ಣೆಯೋ ಪೆಟ್ರೋಲೋ ಹಚ್ಚಿದ ಬಟ್ಟೆಯಿಂದ ಮಣ್ಣು ಒರೆಸಿ. ಮೇಲೆ ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜಿ. ಅಕ್ಷರಗಳು ಬೆಳ್ಳಗೆ ಎದ್ದು ಬರುತ್ತವೆ. ಇದಕ್ಕೇ ಪೆನ್ಸಿಲ್ ಪ್ರಿಂಟ್ ಅನ್ನೋದು, ಅರ್ಜಿ ಜೊತೆಗೂ ಕೇಳುತ್ತಾರೆ, ಹಾಗಾಗಿ ಎರಡು ಮೂರು ತೆಗೆದಿಟ್ಟುಕೊಳ್ಳಿ. ಒಂದೊಂದೇ ಅಕ್ಷರ ಆರ್‌ಸಿ ಜೊತೆ ಹೋಲಿಸಿ. ಸೊನ್ನೆ ಇರುವ ಕಡೆ ಎಂಟು ಕಂಡರೆ, ಅಥವಾ ಆ ಜಾಗದಲ್ಲಿ ಮಾತ್ರ ಉಜ್ಜಿ ಹೊಸ ಪೇಂಟ್ ಹೊಡೆದಿದ್ದರೆ, ರೇಟು ಎಷ್ಟೇ ಕಡಿಮೆ ಇರಲಿ ಅಲ್ಲಿಂದ ಎದ್ದು ಬನ್ನಿ.

ಲೋನಿನದು ಇನ್ನೊಂದು ಕಥೆ. ಕಂತು ಎಲ್ಲಾ ಕಟ್ಟಿ ಮುಗಿಸಿದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತಾನಾಗೇ ಹೋಗುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹೋಗಲ್ಲ. ಬ್ಯಾಂಕಿನವರು ಸಹಿ, ಸೀಲು ಹಾಕಿದ ಫಾರಂ 35 ಮತ್ತು ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತಂದು ಅರ್ಜಿ ಹಾಕಿದ ಮೇಲೇ ಎಚ್‌ಪಿ, ಅಂದರೆ ಆರ್‌ಸಿಯಲ್ಲಿನ ಲೋನಿನ ನಮೂದು, ತೆಗೆಯುತ್ತಾರೆ. ಐದು ವರ್ಷದ ಹಿಂದೆ ಲೋನ್ ಮುಗಿದಿದೆ, ಫೈನಾನ್ಸ್ ಆಫೀಸೇ ಈಗ ಆ ಬೀದಿಯಲ್ಲಿಲ್ಲ ಅನ್ನುವವರ ಗಾಡಿ ಆದರೆ, ಆ ಕಾಗದ ಕೈಗೆ ಬರುವ ತನಕ ಅಡ್ವಾನ್ಸ್ ಕೂಡ ಕೊಡಬೇಡಿ.

ಇನ್ನು ಹೆಸರು ಬದಲಾಯಿಸುವ ಕೆಲಸ. ಮಾರುವವರದು ಫಾರಂ 29, ಎರಡು ಪ್ರತಿ. ಕೊಳ್ಳುವವರದು ಫಾರಂ 30, ಇದರಲ್ಲೂ ಇಬ್ಬರ ಸಹಿ ಬೇಕು. ಕಾನೂನಿನ ಲೆಕ್ಕದಲ್ಲಿ ಒಂದೇ ರಾಜ್ಯದೊಳಗಿನ ಮಾರಾಟಕ್ಕೆ ಮಾರಿದವರು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಹಾಕಬೇಕು. ಅರ್ಜಿ ಪರಿವಾಹನ್ ಜಾಲತಾಣದಲ್ಲೇ ಶುರು ಮಾಡಿ. ಗಾಡಿ ನಂಬರ್, ಚಾಸಿಯ ಕೊನೆಯ ಐದು ಅಂಕಿ ಕೇಳುತ್ತೆ, ಆರ್‌ಸಿಯಲ್ಲಿರುವ ಮೊಬೈಲಿಗೆ ಒಟಿಪಿ ಹೋಗುತ್ತೆ. ಇಲ್ಲೇ ಅರ್ಧ ಜನ ಸಿಕ್ಕಿಹಾಕಿಕೊಳ್ಳೋದು. ಹತ್ತು ವರ್ಷದ ಹಿಂದೆ ಗಾಡಿ ತಗೊಂಡಾಗ ಕೊಟ್ಟ ಸಿಮ್ ಈಗ ಯಾರ ಹತ್ತಿರವೋ! ಹಾಗಾಗಿ ಮಾರುವವರು ಮೊದಲೇ ಅದೇ ಜಾಲತಾಣದಲ್ಲಿ ಮೊಬೈಲ್ ನಂಬರ್ ಬದಲಾಯಿಸಿಕೊಂಡಿರಲಿ. ಇಬ್ಬರೂ ಒಂದೇ ಕಡೆ ಕೂತು, ಚಹಾ ಕುಡಿಯುತ್ತಾ ಅರ್ಜಿ ಮುಗಿಸುವುದು ಒಳ್ಳೆಯದು. ಒಟಿಪಿ ಫೋನಿನಲ್ಲಿ ಕೇಳಿ ಹೇಳುವ ಪಾಡು ತಪ್ಪುತ್ತೆ.

ಜೊತೆಗೆ ಬೇಕಾದ್ದು ಮೂಲ ಆರ್‌ಸಿ, ನಡೆಯುತ್ತಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಕೊಳ್ಳುವವರ ವಿಳಾಸದ ದಾಖಲೆ, ಪಾನ್ ಕಾರ್ಡ್, ಅದಿಲ್ಲದಿದ್ದರೆ ಫಾರಂ 60. ಕೇಂದ್ರದ ನಿಯಮದಲ್ಲಿ ಹೆಸರು ಬದಲಾವಣೆಗೆ ಬೈಕಿಗೆ 150 ರೂಪಾಯಿ, ಕಾರಿಗೆ 300, ಸ್ಮಾರ್ಟ್ ಕಾರ್ಡಿಗೆ 200. ಇಷ್ಟು ಗೊತ್ತಿದ್ದರೆ ಏಜೆಂಟ್ "ಎರಡೂವರೆ ಸಾವಿರ ಆಗುತ್ತೆ ಸಾರ್" ಅಂದಾಗ ಅದರಲ್ಲಿ ಸರ್ಕಾರಕ್ಕೆ ಎಷ್ಟು, ಅವನ ಜೇಬಿಗೆ ಎಷ್ಟು ಅಂತ ಲೆಕ್ಕ ಹಾಕಬಹುದು. ಏಜೆಂಟ್ ಬೇಡವೇ ಬೇಡ ಅಂತ ನಾನು ಹೇಳಲ್ಲ, ಕೆಲಸ ಬಿಟ್ಟು ಓಡಾಡೋಕಾಗದವರಿಗೆ ಅದೂ ಒಂದು ದಾರಿ. ಆದರೆ ಖಾಲಿ ಫಾರಂಗೆ ಸಹಿ ಹಾಕಿ ಕೊಡಬೇಡಿ. ನಾನು ಹಾಕಿದ್ದೆ, ಅದಕ್ಕೇ ಈ ಕಥೆ.

ಟ್ಯಾಕ್ಸ್ ವಿಷಯ. ಚಿತ್ರದುರ್ಗದ ಕೆಎ-16 ಗಾಡಿ ದಾವಣಗೆರೆಗೆ ಬಂದರೂ, ದಾವಣಗೆರೆಯ ಕೆಎ-17 ಗಾಡಿ ಹಿರಿಯೂರಿಗೆ ಹೋದರೂ ನಂಬರ್ ಬದಲಾಗಲ್ಲ, ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕಿಲ್ಲ. ಒಂದು ಸಲ ಕಟ್ಟಿದ್ದು ಗಾಡಿ ಜೊತೆಗೇ ಬರುತ್ತೆ. ಇದು ಸಣ್ಣ ಮೊತ್ತ ಅಲ್ಲ. ನಮ್ಮ ರಾಜ್ಯದಲ್ಲಿ ಒಂದು ಲಕ್ಷ ದಾಟಿದ ಹೊಸ ಪೆಟ್ರೋಲ್ ಬೈಕಿಗೆ ಬೆಲೆಯ 18% ಟ್ಯಾಕ್ಸೇ ಆಗುತ್ತೆ, ಅದರ ಮೇಲೆ ಸೆಸ್ಸು ಬೇರೆ. 1,10,000ದ ಬೈಕಿಗೆ ಟ್ಯಾಕ್ಸೇ 19,800. ಶೋರೂಮಿನಲ್ಲಿ "ಆನ್‌ರೋಡ್" ಅಂತ ಒಂದೇ ಸಾಲಿನಲ್ಲಿ ಹೇಳುವಾಗ ಇದೆಲ್ಲ ಅದರೊಳಗೆ ಅಡಗಿರುತ್ತೆ, ಹೊಸದು ತಗೊಳ್ಳುವವರು ಬಿಡಿಸಿ ಬರೆದ ಚೀಟಿ ಕೇಳಿ.

ಬೇರೆ ರಾಜ್ಯದ ಗಾಡಿ ಮಾತ್ರ ಪೂರ್ತಿ ಬೇರೆ. ಮೊಳಕಾಲ್ಮೂರು, ಚಳ್ಳಕೆರೆ ಕಡೆಯವರಿಗೆ ರಾಯದುರ್ಗ, ಅನಂತಪುರ ಪಕ್ಕದ ಊರಿದ್ದ ಹಾಗೆ, ಆ ಕಡೆ ಐದಾರು ಸಾವಿರ ಕಮ್ಮಿಗೆ ಸಿಗುತ್ತೆ ಅಂತ ತಂದುಬಿಡುತ್ತಾರೆ. ಆದರೆ ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಗಾಡಿಯ ವಯಸ್ಸಿನ ಮೇಲೆ ಟ್ಯಾಕ್ಸ್ ಕಟ್ಟಬೇಕು, ಫಾರಂ 27 ಹಾಕಿ ಕರ್ನಾಟಕದ ಹೊಸ ನಂಬರ್ ತಗೋಬೇಕು. 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ಇದನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ. ಓಡಾಟದ ಖರ್ಚೂ ಸೇರಿಸಿ ನೋಡಿ, ಆ ಐದಾರು ಸಾವಿರದ ಲಾಭ ಎಲ್ಲಿ ಹೋಯ್ತು ಅಂತ ಹುಡುಕಬೇಕಾಗುತ್ತೆ.

ತೀರಾ ಹಳೇ ಗಾಡಿ ಬಗ್ಗೆ ಒಂದು ಮಾತು. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ಫಾರಂ 25 ಹಾಕಿ ಗಾಡಿ ತೋರಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಫೀ ಬೈಕಿಗೆ 1,000, ಕಾರಿಗೆ 5,000. 20 ವರ್ಷ ದಾಟಿದ್ದಕ್ಕೆ 2025ರಲ್ಲಿ ಅದನ್ನೂ ಎರಡರಷ್ಟು ಮಾಡಿದ್ದಾರೆ. ಹದಿನಾಲ್ಕೂವರೆ ವರ್ಷದ ಬೈಕನ್ನು "ಎಲ್ಲಾ ಕ್ಲಿಯರ್ ಇದೆ" ಅಂತ ಮಾರುವವರು ಯಾಕೆ ಅಷ್ಟು ಅವಸರದಲ್ಲಿರುತ್ತಾರೆ ಅಂತ ಈಗ ಗೊತ್ತಾಯ್ತಲ್ವಾ?

ಅಪ್ಪನ ಹೆಸರಲ್ಲಿರುವ ಗಾಡಿ, ಅಪ್ಪ ತೀರಿಕೊಂಡ ಮೇಲೂ ವರ್ಷಗಟ್ಟಲೆ ಹಾಗೇ ಓಡುತ್ತಿರುತ್ತೆ, ಹಳ್ಳಿ ಕಡೆ ಟ್ರ್ಯಾಕ್ಟರ್‌ಗಳು ಕೂಡ. ನಿಯಮದಲ್ಲಿ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳಲ್ಲಿ ಹೆಸರು ಬದಲಾವಣೆಗೆ ಫಾರಂ 31 ಹಾಕಬೇಕು. ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ, ಭಾಗ ಆದ ಮೇಲೆ ಒಪ್ಪಿಗೆಯ ಸಹಿ ಹಾಕಿಸೋದು ಬೇರೇ ಹೋರಾಟ.

ಇನ್ಶೂರೆನ್ಸ್ ಕೂಡ ಕೊಂಡವರ ಹೆಸರಿಗೆ ಆಗಬೇಕು, ಅದಕ್ಕೆ 14 ದಿನ. ಕ್ಲೈಮ್ ಮಾಡದ್ದಕ್ಕೆ ಸಿಕ್ಕ ರಿಯಾಯಿತಿ ಮಾರಿದವರ ಜೊತೆಗೇ ಉಳಿಯುತ್ತೆ, ಅವರು ಅದನ್ನು ಮುಂದಿನ ಗಾಡಿಗೆ ಬಳಸಬಹುದು. ಹಾಗಾಗಿ ಹೆಸರು ಬದಲಾಯಿಸುವಾಗ ಕೊಂಡವರು ಸ್ವಲ್ಪ ದುಡ್ಡು ಜಾಸ್ತಿ ಕಟ್ಟಬೇಕಾಗಬಹುದು.

ಮಾರುವವರಿಗೆ ನಾನು ಕಲಿತದ್ದು: ಗಾಡಿ ಕೀ ಕೊಡುವ ಮುಂಚೆ ಒಂದು ಚೀಟಿ ಬರೆಸಿ. ತಾರೀಖು, ಗಂಟೆ ನಿಮಿಷ, ಗಾಡಿ ನಂಬರ್, ಮೊತ್ತ, ಅವರ ಸಹಿ, ಆಧಾರ್ ಪ್ರತಿ. ಅವರು ಗಾಡಿ ಪಕ್ಕ ನಿಂತ ಫೋಟೋ ಇರಲಿ. ದುಡ್ಡು ನಗದು ಬೇಡ, ಅಕೌಂಟಿಗೇ ಹಾಕಿಸಿ. ಗಾಡಿಯ ಬೆಲೆ ಮೇಲೆ ಐದು ಸಾವಿರ ಹಿಡಿದುಕೊಂಡು, ಹೆಸರು ಬದಲಾದ ಮೇಲೆ ವಾಪಸ್ ಕೊಡ್ತೀನಿ ಅನ್ನಿ, ಎಂಥಾ ಸೋಮಾರಿನೂ ಓಡಾಡುತ್ತಾನೆ. ನನ್ನ ಸ್ಕೂಟರ್ ಕೊಂಡ ಹುಡುಗನನ್ನು ನಾನು ಕೊನೆಗೆ ಹಿಡಿದದ್ದು ಅವನ ಅಮ್ಮನ ಫೋನಿಗೆ ಮಾಡಿ. ಪಾಪ, ಆಯಮ್ಮನೇ ಅವನನ್ನು ಕರೆದುಕೊಂಡು ಬಂದು ನನ್ನ ಎದುರಿಗೆ ಕೂರಿಸಿದರು.

ಹೊಸ ಆರ್‌ಸಿ ಕಾರ್ಡು ಕೊಂಡವರ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತೆ. ಮಾರಿದವರು ಅದರ ಫೋಟೋ ತರಿಸಿಕೊಳ್ಳಿ, ಇಲ್ಲವಾದರೆ ಎಂಪರಿವಾಹನ್‌ನಲ್ಲಿ ನಂಬರ್ ಹಾಕಿ ಹೆಸರಿನ ಮೊದಲ ಅಕ್ಷರ ಬದಲಾಗಿದೆಯಾ ನೋಡಿ. ನಾನು ಆ ವಾರ ದಿನಕ್ಕೆ ಎರಡು ಸಲ ನೋಡುತ್ತಿದ್ದೆ.