ಸುಳ್ಳು ಹೇಳುವ ಮೀಟರನ್ನು ಹಿಡಿಯುವುದು ಹೇಗೆ?

ವಿದ್ಯುತ್ ಜಾಲದ ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ತಂತಿ ಕಾಣಿಸದು. ಕಾಣಿಸುವುದು ಮೀಟರುಗಳು ಕಳುಹಿಸಿದ ಅಂಕಿಗಳು. ಆ ಅಂಕಿಗಳನ್ನೇ ಯಾರಾದರೂ ತಿದ್ದಿದರೆ? 2015ರ ಡಿಸೆಂಬರ್‌ನಲ್ಲಿ ಯುಕ್ರೇನಿನ ಜಾಲಕ್ಕೆ ನುಗ್ಗಿದವರು ದೂರದಿಂದಲೇ ಬ್ರೇಕರುಗಳನ್ನು (ವಿದ್ಯುತ್ ಹರಿವನ್ನು ಕಡಿಯುವ ದೊಡ್ಡ ಸ್ವಿಚ್ಚುಗಳನ್ನು) ತೆರೆದು ಸುಮಾರು 2.25 ಲಕ್ಷ ಗ್ರಾಹಕರನ್ನು ಕತ್ತಲಲ್ಲಿ ಕೂರಿಸಿದರು. ಅದು ಬಾಗಿಲು ಒಡೆದು ಬಂದ ಕಳ್ಳತನ. ಲೆಕ್ಕದ ಪುಸ್ತಕ ತಿದ್ದುವ ಕಳ್ಳ ಇನ್ನೂ ನಾಜೂಕು. ಅವನನ್ನು ಹಿಡಿಯುವ ಬಗೆ ತಿಳಿಯಲು ಒಂದು ಪೆನ್ಸಿಲ್ ಸಾಕು.

ಹಂತ 1: ಜಾಲ ಬರೆಯಿರಿ

ಕ, ಖ, ಗ ಎಂಬ ಮೂರು ಉಪಕೇಂದ್ರಗಳನ್ನು ತ್ರಿಕೋನವಾಗಿ ಜೋಡಿಸಿ. ಮೂರೂ ತಂತಿಗಳ ಗುಣ ಒಂದೇ ಎಂದುಕೊಳ್ಳಿ. ಕ–ಖ 30, ಖ–ಗ 20, ಕ–ಗ 50 ಮೆಗಾವಾಟ್. ತಂತಿಯಲ್ಲಿ ಹರಿಯುವ ವಿದ್ಯುತ್ತು ಎರಡು ತುದಿಗಳ ವೋಲ್ಟೇಜ್ ಕೋನಗಳ (ಒಂದು ತುದಿಯ ವೋಲ್ಟೇಜ್ ಅಲೆ ಇನ್ನೊಂದಕ್ಕಿಂತ ಎಷ್ಟು ಮುಂದಿದೆ ಎಂಬುದರ) ವ್ಯತ್ಯಾಸಕ್ಕೆ ತಕ್ಕಂತೆ ಇರುವುದರಿಂದ, ಮೊದಲೆರಡನ್ನು ಕೂಡಿದರೆ ಮೂರನೆಯದು ಬರಲೇಬೇಕು.

ಹಂತ 2: ಒಂದು ಅಂಕಿ ಕೆಡಿಸಿ

ಕ–ಖ 40 ಎಂದು ಬರೆಯಿರಿ. 40ಕ್ಕೆ 20 ಸೇರಿದರೆ 60; ಮೀಟರ್ ಹೇಳುತ್ತಿರುವುದು 50. ಸುಳ್ಳು ಬಯಲಾಯಿತು. ಜಾಲದ ಕಂಪ್ಯೂಟರುಗಳು ಮಾಡುವ ಪರೀಕ್ಷೆಯ ತಿರುಳೂ ಇದೇ.

ಹಂತ 3: ಈಗ ಕಳ್ಳನಂತೆ ಯೋಚಿಸಿ

ಕ–ಖ 40 ಮಾಡಿ, ಖ–ಗ 10ಕ್ಕೆ ಇಳಿಸಿ. ಮೊತ್ತ 50. ಪರೀಕ್ಷೆ ಪಾಸು! ಬಾಯಿ ಕೂಡಿಸಿಕೊಂಡು ಬಂದ ಸಾಕ್ಷಿಗಳನ್ನು ಪಾಟೀಸವಾಲಿನಿಂದ ಸೋಲಿಸಲಾಗದು. 2009ರಲ್ಲಿ ಸಂಶೋಧಕರಾದ ಯಾವೊ ಲಿಯು, ಪೆಂಗ್ ನಿಂಗ್, ಮೈಕೆಲ್ ರೈಟರ್ ಷಿಕಾಗೊದ ಸಮ್ಮೇಳನವೊಂದರಲ್ಲಿ ತೋರಿಸಿದ್ದು ಇದನ್ನೇ: ಜಾಲದ ನಕ್ಷೆ (ಯಾವ ತಂತಿ ಎಲ್ಲಿಂದ ಎಲ್ಲಿಗೆ, ಅದರ ಗುಣವೇನು) ಗೊತ್ತಿದ್ದು, ಸಾಕಷ್ಟು ಮೀಟರುಗಳು ಕೈಗೆ ಸಿಕ್ಕರೆ, ಪರೀಕ್ಷೆಗೆ ಸುಳಿವೇ ಸಿಗದಂತೆ ಸುಳ್ಳು ಹೆಣೆಯಬಹುದು. ಅಲ್ಲಿಯವರೆಗೆ ಈ ಪರೀಕ್ಷೆಯನ್ನು ನಂಬಿ ನಿಶ್ಚಿಂತರಾಗಿದ್ದವರಿಗೆ ಇದು ಒಳ್ಳೆಯ ಪೆಟ್ಟು.

ಹಂತ 4: ಬೀಗ ಎಲ್ಲಿ ಹಾಕಬೇಕು?

ಕ–ಖ ಮೀಟರಿಗೆ ಮಾತ್ರ ಬೀಗ ಹಾಕಿ ನೋಡಿ. ಕಳ್ಳ ಖ–ಗ 30, ಕ–ಗ 60 ಮಾಡಿ ಪಾರಾಗುತ್ತಾನೆ. ಖ–ಗ ಮೀಟರಿಗೂ ಬೀಗ ಬಿದ್ದರೆ ಅವನ ಆಟ ಮುಗಿಯಿತು, ಮೂರನೆಯದರ ಸುಳ್ಳು ತಕ್ಷಣ ಎದ್ದು ಕಾಣುತ್ತದೆ. ಎಲ್ಲ ಮೀಟರುಗಳನ್ನೂ ಕಾಯಬೇಕಿಲ್ಲ. ಇಂಥ ಸರಳ ಲೆಕ್ಕದಲ್ಲಿ ಉಪಕೇಂದ್ರಗಳಿಗಿಂತ ಒಂದು ಕಡಿಮೆ ಮೀಟರುಗಳು ಸಾಕು. ಆದರೆ ಎಲ್ಲ ಉಪಕೇಂದ್ರಗಳನ್ನೂ ಒಂದಕ್ಕೊಂದು ಬೆಸೆಯುವಂತೆ ಅವನ್ನು ಆರಿಸಬೇಕು. ಬೀಗವೆಂದರೆ ಗೂಢಲಿಪೀಕರಣ, ಕಾವಲು, ಹಳೆಯ ಸಾಧನಗಳ ಬದಲಾವಣೆ. ಎಲ್ಲಕ್ಕೂ ಹಣ ಬೇಕು. ಆದ್ದರಿಂದಲೇ ಈ ಎಣಿಕೆಗೆ ಇಷ್ಟು ಬೆಲೆ.

ಹಂತ 5: ನಕ್ಷೆಯನ್ನೇ ಬದಲಿಸಿ

ತಂತಿಗಳ ರಿಯಾಕ್ಟೆನ್ಸನ್ನು, ಅಂದರೆ ಪರ್ಯಾಯ ವಿದ್ಯುತ್ತಿಗೆ ತಂತಿ ಒಡ್ಡುವ ಒಂದು ಬಗೆಯ ತಡೆಯನ್ನು, ಆಗಾಗ ತುಸು ಬದಲಿಸುವ ಸಾಧನಗಳಿವೆ. ಬದಲಿಸಿದರೆ ಕಳ್ಳನ ಬಳಿಯಿರುವ ನಕ್ಷೆ ಹಳತಾಗಿ, ಅವನ ಕೂಡು-ಕಳೆ ತಪ್ಪುತ್ತದೆ. ಆದರೆ ಯಾವ ತಂತಿಯನ್ನು ಮುಟ್ಟಬೇಕೆಂಬುದು ಮುಖ್ಯ. ನಮ್ಮ ತ್ರಿಕೋನದಲ್ಲಿ ಕ–ಗ ತಂತಿಯನ್ನಷ್ಟೇ ಬದಲಿಸಿದರೆ ಮೂರನೆಯ ಹಂತದ ಕಳ್ಳ ಕೂದಲೂ ಕೊಂಕದೆ ಹೊರಡುತ್ತಾನೆ. ಬದಲಿಸಬೇಕಾದದ್ದು ಕ–ಖ ಅಥವಾ ಖ–ಗ. ಏಕೆಂದು ಪೆನ್ಸಿಲ್ಲಿನಿಂದಲೇ ಪರೀಕ್ಷಿಸಿ ನೋಡಿ; ತಂತಿಗಳ ಗುಣ ಬೇರೆಯಾದಾಗ ಪ್ರತಿ ಹರಿವನ್ನೂ ಅದರ ತಂತಿಯ ರಿಯಾಕ್ಟೆನ್ಸಿನಿಂದ ಗುಣಿಸಿ ಕೂಡಬೇಕು.